ಆರೋಗ್ಯಮ್ಮನ ನೂರು

ಜೂನ್ ೫, ಗುರುವಾರ

ಪ್ರೀತಿಯ ಅಕ್ಕಾ,

ಮೇಲೆ ಒಂದು ಸಾಲು ಬರೆದು ಗೀಚಿಹಾಕಿರುವುದು ಕಾಣಿಸುತ್ತಿದೆಯಲ್ಲ, ಅದು ‘ಇತ್ತ ನಾನು ಕ್ಷೇಮ’ ಎಂಬ ಸಾಲು. ಮೊದಲು ಕ್ಷೇಮ, ಮಿಕ್ಕಿದ್ದೆಲ್ಲ ಆಮೇಲೆ ಎಂದು ಅಮ್ಮ ನಮ್ಮಿಬ್ಬರಿಗೂ ತಲೆಗೆ ಮೊಟಕಿ ಕಲಿಸಿದ್ದಳು. ಅಭ್ಯಾಸಬಲದಿಂದ ಬರೆದುಬಿಟ್ಟೆ, ಬರೆದ ಮೇಲೆ ಅದು ಸುಳ್ಳೆಂದು ನೆನಪಾಯಿತು. ನೀನು ನಿಂತುಕೊಂಡು ಓದುತ್ತಿದ್ದರೆ ದಯವಿಟ್ಟು ಕೂತುಕೋ. ಅಂಗಡಿಯಲ್ಲಿದ್ದರೆ ಕತ್ತರಿ ಕೆಳಗಿಡು.

ನಿನ್ನೆ ಫೋನ್ ಮಾಡಿದ್ದು ಇದನ್ನು ಹೇಳುವುದಕ್ಕೇ. ನೀನು ಎತ್ತಿದವಳೇ ‘ಏನಮ್ಮಾ ಆರೋಗ್ಯಮ್ಮ, ಹೇಗಿದ್ದೀಯ?’ ಅಂದೆ. ಅಷ್ಟು ಸಾಕಾಯಿತು ನೋಡು, ಹೇಳಬೇಕೆಂದಿದ್ದೆಲ್ಲ ಹಿಂದಕ್ಕೆ ಹೋಯಿತು. ‘ಚೆನ್ನಾಗಿದ್ದೀನಿ ಕಣೇ’ ಎಂದು ಫೋನ್ ಇಟ್ಟುಬಿಟ್ಟೆ. ಬಾಯಿಗೆ ಬಾರದ್ದು ಕೈಗಾದರೂ ಬರುತ್ತದೇನೋ ಎಂದು ಈಗ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಎರಡು ದಿನದಿಂದ ಯಾರೂ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ನಾನು ತಣ್ಣನೆಯ ಕೋಣೆಯ ಮೂಲೆಯ ಮೇಜಿಗೆ ಬಂದು ಕೂತಿದ್ದೇನೆ.

ಆರೋಗ್ಯಮ್ಮ ಎಂಬ ಹೆಸರು ಬಂದ ಕಥೆ ನಿನಗೆ ಅರ್ಧ ಗೊತ್ತು. ಪೂರ್ತಿ ಹೇಳುತ್ತೇನೆ, ಯಾಕೆಂದರೆ ಎಡವಟ್ಟು ಹುಟ್ಟಿದ್ದು ಅಲ್ಲೇ. ನಮ್ಮ ಲ್ಯಾಬು ಒಂದು ಜಾತಿಯ ಕೊಬ್ಬಿನ ಬೆನ್ನು ಹತ್ತಿದೆ. ಅದರ ಹೆಸರು ಸ್ಫಿಂಗೋಲಿಪಿಡ್. ನನ್ನ ಹೊಟ್ಟೆ ನೋಡಿ ನೀನು ನಗುತ್ತಿದ್ದೆಯಲ್ಲ, ಆ ಕೊಬ್ಬಲ್ಲ. ಇದು ಮೈಯ ಒಂದೊಂದು ಜೀವಕೋಶದ ಗೋಡೆಯಲ್ಲೂ ಇರುವಂಥದ್ದು, ಇಲ್ಲದಿದ್ದರೆ ನಾವು ಯಾರೂ ಇಲ್ಲ. ನೀನು ದರ್ಜಿ, ನಿನಗೆ ಹೊಲಿಗೆಯ ಲೆಕ್ಕದಲ್ಲೇ ಹೇಳುತ್ತೇನೆ. ಸೆರಮೈಡ್ ಎಂಬ ಬಟ್ಟೆ ಇದೆ ಎಂದುಕೋ. ಅದಕ್ಕೆ ಸಕ್ಕರೆಯ ಗುಂಡಿ ಹೊಲಿಯುವುದು ಒಂದು ಕಿಣ್ವ. ಬಟ್ಟೆ ಹಳತಾದ ಮೇಲೆ ಆ ಗುಂಡಿ ಬಿಚ್ಚಿ, ಬಟ್ಟೆಯನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದು ಇನ್ನೊಂದು ಕಿಣ್ವ. ಹೊಲಿಯುವವಳೂ ಬೇಕು, ಬಿಚ್ಚುವವಳೂ ಬೇಕು. ಕೆಲವರಿಗೆ ಹುಟ್ಟಿನಿಂದಲೇ ಬಿಚ್ಚುವವಳು ಸೋಮಾರಿ. ಗುಂಡಿ ಹಾಕಿದ ಹಳೆಯ ಬಟ್ಟೆಯೆಲ್ಲ ಗುಲ್ಮದಲ್ಲಿ, ಯಕೃತ್ತಿನಲ್ಲಿ, ಮೂಳೆಯ ಮಜ್ಜೆಯಲ್ಲಿ ಗುಡ್ಡೆ ಬೀಳುತ್ತಾ ಹೋಗುತ್ತದೆ. ಎಡಪಕ್ಕೆಯ ಕೆಳಗಿನ ಗುಲ್ಮ ಊದುತ್ತದೆ, ಮೂಳೆ ನೋಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ. ಆಗ ಯಾರೂ ಮುಟ್ಟದಿದ್ದರೂ ಮೈಮೇಲೆ ನೀಲಿ ಕಲೆಗಳು ಏಳುತ್ತವೆ.

ಕೊನೆಯ ವಾಕ್ಯವನ್ನು ಇನ್ನೊಂದು ಸಲ ಓದು ಅಕ್ಕಾ.

ನಾವು ಮಾಡುವುದೇನೆಂದರೆ, ಸೆರಮೈಡಿನ ಥರವೇ ಕಾಣುವ ನಕಲಿ ಬಟ್ಟೆ ತಯಾರಿಸುವುದು. ಹೊಲಿಯುವವಳು ಮೋಸಹೋಗಿ ಅದನ್ನು ಕೈಗೆತ್ತಿಕೊಂಡು ಕೂತುಬಿಡುತ್ತಾಳೆ. ಹೊಸ ಗುಂಡಿ ಬೀಳುವುದು ಕಡಿಮೆಯಾಗುತ್ತದೆ, ಬಿಚ್ಚುವವಳು ಸೋಮಾರಿಯಾದರೂ ಸಂಸಾರ ಹೇಗೋ ತೂಗುತ್ತದೆ. ಆದರೆ ಆ ನಕಲಿ ಹೊಲಿಯುವವಳನ್ನು ಮಾತ್ರ ತಡೆಯಬೇಕು, ಬಿಚ್ಚುವವಳ ತಂಟೆಗೆ ಹೋಗಕೂಡದು. ಅದನ್ನು ನೋಡುವ ಕೆಲಸ ನನ್ನದು. ಗುಂಡಿ ಬಿಚ್ಚಿದರೆ ನೀಲಿಯಾಗಿ ಹೊಳೆಯುವ ಇನ್ನೊಂದು ನಕಲಿಯನ್ನು ರಕ್ತದ ಬಿಳಿಕಣಗಳಿಗೆ ಹಾಕುತ್ತೇವೆ. ಹೊಳಪು ಎಷ್ಟೆಂದು ಯಂತ್ರ ಓದುತ್ತದೆ. ಔಷಧ ಹಾಕಿದ ಮೇಲೂ ಹೊಳಪು ಅಷ್ಟೇ ಇದ್ದರೆ ಗೆದ್ದಂತೆ.

ಇದಕ್ಕೆ ಆರೋಗ್ಯವಂತರ ರಕ್ತ ಬೇಕು. ದಿನಕ್ಕೊಬ್ಬರದು ಬಂದರೆ ಲೆಕ್ಕವೆಲ್ಲ ಕಲಸುಮೇಲೋಗರ, ಒಬ್ಬರದೇ ಇರಲಿ ಎಂದು ನಮ್ಮ ದೊಡ್ಡ ಮೇಡಂ ಮೊದಲ ವರ್ಷವೇ ತೀರ್ಮಾನ ಮಾಡಿದ್ದರು. ನಾನು ಕೈ ಎತ್ತಿದ್ದೆ. ನೆಗಡಿ ಕೂಡ ಬಾರದ ಹೆಣ್ಣು ಎಂಬ ಜಂಬ ಬೇರೆ ಇತ್ತಲ್ಲ. ಅವತ್ತಿನಿಂದ ನನ್ನ ಹೊಳಪೇ ‘ನೂರು’. ಮಿಕ್ಕ ಎಲ್ಲವನ್ನೂ ಅದಕ್ಕೆ ಹೋಲಿಸಿ ಐವತ್ತು, ತೊಂಬತ್ತು ಎಂದು ಬರೆಯುವುದು. ನಮ್ಮಲ್ಲಿ ರೋಗಿಗಳ ರಕ್ತ ಬರುವುದಿಲ್ಲ, ಔಷಧದ ಆಟ ಮಾತ್ರ. ಹಾಗಾಗಿ ನನ್ನ ನೂರು ನಿಜಕ್ಕೂ ನೂರೇ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಆರೋಗ್ಯಮ್ಮ ಎಂದರು, ನಾನೂ ಓಗೊಟ್ಟೆ.

ಸೋಮವಾರ ನಾನು ರಜೆ ಹಾಕಿದ್ದೆ. ಹಲ್ಲು ಕೀಳಿಸಿಕೊಂಡಿದ್ದೆ, ರಕ್ತ ನಿಲ್ಲಲೇ ಇಲ್ಲ, ಹತ್ತಿ ಕಚ್ಚಿಕೊಂಡು ಇಡೀ ದಿನ ಬಿದ್ದುಕೊಂಡಿದ್ದೆ. ಕೆಲಸ ನಿಲ್ಲಬಾರದೆಂದು ಹೊಸದಾಗಿ ಸೇರಿದ ಹುಡುಗಿ ತನ್ನದೇ ರಕ್ತ ತೆಗೆಸಿ ನನ್ನ ಜಾಗದಲ್ಲಿಟ್ಟಳು. ಮಂಗಳವಾರ ನಾನು ಕೆನ್ನೆ ಊದಿಸಿಕೊಂಡು ಬಂದರೆ ಅವಳು ಮೇಜಿನ ಪಕ್ಕ ನಿಂತು ಅಳುತ್ತಿದ್ದಾಳೆ. ಅವಳ ಹೊಳಪು ಎಂಟುನೂರು ಬಂದಿತ್ತು. ‘ಯಂತ್ರ ಕೆಟ್ಟಿದೆ ಮೇಡಂ’ ಎಂದಳಂತೆ. ದೊಡ್ಡ ಮೇಡಂ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಎಲ್ಲರೆದುರು ಗದರಿದ್ದರು. ನಾನೂ ನಕ್ಕೆ ಅಕ್ಕಾ. ಹತ್ತಿ ಕಚ್ಚಿಕೊಂಡೇ ನಕ್ಕೆ. ಎಲ್ಲೋ ಎಂಟು ಪಟ್ಟು ಹೆಚ್ಚು ಸುರಿದಿರಬೇಕು ಎಂದು ನಾನೇ ಅವಳ ಪಕ್ಕ ಕೂತು ಮತ್ತೆ ಮಾಡಿಸಿದೆ. ಮತ್ತೆ ಎಂಟುನೂರು.

ಹಾಗಾದರೆ ಈ ಹುಡುಗಿಯೇ ಏನೋ ವಿಚಿತ್ರ ಎಂದು ಲಿಫ್ಟ್ ನಡೆಸುವವರನ್ನು ಕರೆದು ತಂದೆವು. ಕ್ಯಾಂಟೀನಿನವರು ಚಹಾ ಕೊಡಲು ಬಂದವರು ಸಿಕ್ಕಿಬಿದ್ದರು. ‘ಚಹಾಕ್ಕೆ ಬದಲು ರಕ್ತಾನೇ ಕುಡೀತೀರೇನಮ್ಮಾ’ ಎಂದು ತೋಳು ಚಾಚಿದರು. ದೊಡ್ಡ ಮೇಡಂ ತಮ್ಮದನ್ನೂ ಕೊಟ್ಟರು. ನಾನು ನನ್ನದನ್ನು ಕೊನೆಗೆ ಕೊಟ್ಟೆ, ತಮಾಷೆಗೆಂಬಂತೆ.

ಯಂತ್ರಕ್ಕೆ ಹಾಕುವ ಮೊದಲು ನೇರಳೆ ದೀಪದ ಕೆಳಗೆ ಟ್ಯೂಬುಗಳನ್ನು ಸಾಲಾಗಿ ಇಡುವುದು ನಮ್ಮ ಪದ್ಧತಿ. ಲೈಟು ಆರಿಸಿದರು. ಹುಡುಗಿಯದು ಹೊಳೆಯಿತು, ಲಿಫ್ಟಿನವರದು ಹೊಳೆಯಿತು, ಚಹಾದವರದು, ದೊಡ್ಡ ಮೇಡಂದು, ಎಲ್ಲವೂ ಗ್ಯಾಸ್ ಒಲೆಯ ಉರಿಯ ಹಾಗೆ ನೀಲಿ ನೀಲಿ. ತುದಿಯಲ್ಲಿ ಒಂದು ಟ್ಯೂಬು ಮಂಕಾಗಿ ನಿಂತಿತ್ತು. ಯಾರದು ಎಂದು ನಾನೇ ಕೇಳಿದೆ. ಹೊಸ ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು, ಆಗ ಗೊತ್ತಾಯಿತು. ಇಷ್ಟು ವರ್ಷ ಡೊಂಕಾಗಿದ್ದ ನೆಲ ನಾನೇ.

ಅವತ್ತೇ ಸಂಜೆ ಆಸ್ಪತ್ರೆಗೆ ಹೋದೆ. ವೈದ್ಯೆ ಮಲಗಿಸಿ ಎಡಪಕ್ಕೆಯ ಕೆಳಗೆ ಬೆರಳಿಟ್ಟು, ಉಸಿರು ಎಳೆದುಕೊಳ್ಳಿ ಅಂದರು. ಗುಲ್ಮ ಹೊಕ್ಕುಳಿನ ಹತ್ತಿರಕ್ಕೆ ಬಂದಿದೆಯಂತೆ. ನೀನು ‘ಹೊಟ್ಟೆಯಲ್ಲಿ ಇನ್ನೊಂದು ಊಟಕ್ಕೆ ಜಾಗ ಮಾಡಿಟ್ಟಿದ್ದೀಯ’ ಎಂದು ಗೇಲಿ ಮಾಡುತ್ತಿದ್ದೆಯಲ್ಲ, ಅದು ಊಟವಲ್ಲ ಕಣೇ. ನನಗೆ ಬಂದಿರುವುದು ಮೆಲ್ಲಗೆ ನಡೆಯುವ ಬಗೆಯದು, ಹೆದರಬೇಡಿ ಎಂದರು. ಇಲ್ಲದ ಕಿಣ್ವವನ್ನು ಹನಿ ಹನಿಯಾಗಿ ರಕ್ತಕ್ಕೆ ಏರಿಸುವ ಚಿಕಿತ್ಸೆ ಇದೆ, ದೊಡ್ಡವರಿಗಾದರೆ ನಾವು ಮಾಡುವಂಥ ನಕಲಿ ಸೆರಮೈಡಿನ ಮಾತ್ರೆಯೂ ಇದೆ. ಬೇರೆಯವರಿಗೆಂದು ಹೊಲಿದ ಅಂಗಿ ನನ್ನ ಅಳತೆಗೇ ಕೂತಿತು ನೋಡು. ನಗಬೇಕೆನಿಸುತ್ತದೆ, ನಗು ಬರುತ್ತಿಲ್ಲ.

ನನ್ನ ವಿಷಯ ಇಷ್ಟು. ಈಗ ನಿನ್ನದು.

ಹೋದ ವರ್ಷ ನೀನು ಒಂದು ಪುಟ್ಟ ಟ್ಯೂಬಿನಲ್ಲಿ ರಕ್ತ ತಂದುಕೊಟ್ಟೆ. ಮೈಮೇಲೆ ನೀಲಿ ಕಲೆ ಏಳುತ್ತಿದೆ, ಕಾಲಿನ ಮೂಳೆ ನೋಯುತ್ತದೆ, ನಿಮ್ಮ ಲ್ಯಾಬಿನಲ್ಲಿ ನೋಡು, ಯಾರಿಗೂ ಹೇಳಬೇಡ ಎಂದೆ. ರವಿಕೆಯ ತೋಳು ಮೇಲಕ್ಕೆತ್ತು, ಕಲೆ ನೋಡೋಣ ಎಂದರೆ ಕೊಸರಿಕೊಂಡು ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಅದು ನಮ್ಮ ಲ್ಯಾಬು ಮಾಡುವ ಕೆಲಸವೇ ಅಲ್ಲ. ಆದರೂ ಅಕ್ಕ ಕೇಳಿದಳೆಂದು ಊಟದ ಹೊತ್ತಿನಲ್ಲಿ ಕದ್ದು ಮಾಡಿದೆ. ನನ್ನ ಟ್ಯೂಬಿನ ಪಕ್ಕ ನಿನ್ನ ಟ್ಯೂಬು ಇಟ್ಟೆ. ನನ್ನದು ನೂರು, ನಿನ್ನದು ತೊಂಬತ್ತಾರು. ಕುಣಿದಾಡಿಬಿಟ್ಟೆ. ‘ಪಾಸಾದೆ ಕಣೇ, ನಿಂದೂ ನಂದೂ ಒಂದೇ! ಏನೂ ಇಲ್ಲ ನಿನಗೆ’ ಎಂದು ಫೋನಿನಲ್ಲಿ ಕೂಗಿದೆ. ನೀನು ಸುಮ್ಮನಾದೆ. ಸಂತೋಷಕ್ಕೆ ಮಾತು ನಿಂತಿದೆ ಎಂದುಕೊಂಡೆ. ಆಮೇಲೆ ನೀನು ಕೇಳಿದೆ, ‘ಹಾಗಾದ್ರೆ ಆ ಕಲೆ ಎಲ್ಲಿಂದ ಬರ್ತಿದೆ?’ ಎಂದು. ‘ಪೆಟ್ಟು ಬೀಳದೆ ಕಲೆ ಬೀಳತ್ತಾ?’ ಅಂದವಳು ನಾನು. ತಿಳಿದವಳ ಗತ್ತಿನಲ್ಲಿ ಅಂದೆ.

ಒಂದು ವಾರದೊಳಗೆ ನೀನು ಭಾವನನ್ನು ಮನೆಯಿಂದ ಹೊರಗೆ ಕಳಿಸಿದೆ. ಪುಟ್ಟಿಯನ್ನು ಎತ್ತಿಕೊಂಡು ಬೇರೆ ಊರಿಗೆ ಹೋದೆ. ಯಾಕೆಂದು ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ನನಗೆ ಬಿಡಿಸಿ ಹೇಳಬೇಕಿತ್ತೇ? ಕಲೆ, ತೋಳು ಮುಚ್ಚಿಕೊಳ್ಳುವ ಅಕ್ಕ, ಹೊರಗೆ ಹಾಕಿಸಿಕೊಂಡ ಗಂಡ. ಭಾವ ನಿನ್ನ ಮೇಲೆ ಕೈ ಮಾಡುತ್ತಿದ್ದರು ಎಂದು ನಾನೇ ಕೂಡಿಸಿ ಗುಣಿಸಿಬಿಟ್ಟೆ. ಆಮೇಲೆ ಅವರು ಲಾರಿ ನಿಲ್ಲಿಸಿ ನನ್ನ ಬಾಗಿಲಿಗೆ ಬಂದಿದ್ದರು, ಪುಟ್ಟಿಗೆಂದು ಒಂದು ಸ್ವೆಟರ್ ಹಿಡಿದುಕೊಂಡು. ನಾನು ಅವರ ಮುಖದ ಮೇಲೆ ಬಾಗಿಲು ಹಾಕಿದೆ. ಅದಾದ ಮೇಲೂ ಪ್ರತಿ ತಿಂಗಳು ಅವರಿಂದ ಒಂದೇ ಮೆಸೇಜು: ‘ಹೋಗಿ ಪುಟ್ಟೀನ ಒಂದು ಸಲ ನೋಡ್ಕೊಂಡು ಬಾಮ್ಮ.’ ನಾನು ಒಂದಕ್ಕೂ ಉತ್ತರ ಕೊಟ್ಟಿಲ್ಲ.

ಅಕ್ಕಾ, ನಿಜ ಹೇಳು. ಅವರು ನಿನ್ನನ್ನು ಹೊಡೆಯಲೇ ಇಲ್ಲವೇ? ಹೊಡೆಯದ ಮೇಲೆ ಯಾಕೆ ಕಳಿಸಿದೆ? ರೋಗದ ಕಲೆಯನ್ನು ಏನೆಂದು ತಿಳಿದುಕೊಂಡೆ? ಹೊಡೆದವರು ಯಾರೆಂದು ಹೊಡೆಸಿಕೊಂಡವಳಿಗೆ ಗೊತ್ತಿರಬೇಕಲ್ಲ. ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ, ಇದೊಂದು ಮಾತ್ರ ಬಗೆಹರಿಯುತ್ತಿಲ್ಲ.

ಅದು ಹಾಗಿರಲಿ. ಆ ಹುಡುಗಿಯ ಎಂಟುನೂರೇ ನಿಜವಾದ ನೂರು ಎಂದು ಹಿಡಿದರೆ ನನ್ನ ನೂರು ಬರೀ ಹನ್ನೆರಡು, ನಿನ್ನ ತೊಂಬತ್ತಾರೂ ಅಷ್ಟೇ. ನೀನು ಪಾಸಾಗಿಲ್ಲ, ನಾವಿಬ್ಬರೂ ಒಟ್ಟಿಗೇ ಫೇಲು. ಈ ರೋಗ ಬರಬೇಕಾದರೆ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರಬೇಕು. ಎರಡೂ ಕಡೆಯದು ಕೂಡಿದವರಿಗೆ ಮಾತ್ರ. ಪಾಪ, ಅವರಿಗೂ ತಿಳಿದಿರಲಿಕ್ಕಿಲ್ಲ. ಈ ಪತ್ರ ಕೈಸೇರಿದ ಕೂಡಲೇ ಹೊರಟು ಬಾ. ವೈದ್ಯೆಯ ಹತ್ತಿರ ನಿನ್ನ ವಿಷಯವೂ ಹೇಳಿಟ್ಟಿದ್ದೇನೆ. ಅಲ್ಲಿ ಯಾರಾದರೂ ಗುಲ್ಮ ದೊಡ್ಡದಾಗಿದೆ, ಕೊಯ್ದು ತೆಗೆಯೋಣ ಎಂದರೆ ಒಪ್ಪಬೇಡ. ಕಾರಣ ತಿಳಿಯದೆ ಅದನ್ನು ತೆಗೆದರೆ ಕೊಬ್ಬು ಸುಮ್ಮನಿರುವುದಿಲ್ಲ, ಮೂಳೆಗೆ ಹೋಗಿ ಕೂರುತ್ತದೆ.

ನಿನ್ನ ತಂಗಿ
(ಆರೋಗ್ಯಮ್ಮ ಎಂದು ಇನ್ನು ಕರೆಯಬೇಡ)

ತಾ.ಕ.: ಪುಟ್ಟಿ ಚೆನ್ನಾಗಿದ್ದಾಳೆ ತಾನೇ? ಬರುವಾಗ ಅವಳನ್ನೂ ಕರೆದುಕೊಂಡು ಬಾ. ಅವಳ ಒಂದೆರಡು ಹನಿಯನ್ನೂ ನೋಡಿಬಿಡೋಣ, ಸುಮ್ಮನೆ ಸಮಾಧಾನಕ್ಕೆ.


ಜೂನ್ ೧೦, ಮಂಗಳವಾರ

ಪ್ರೀತಿಯ ಪೆದ್ದಿ,

ಕತ್ತರಿ ಕೆಳಗಿಟ್ಟೇ ಓದಿದೆ. ಅಂಗಡಿಯ ಯಜಮಾನರು ಏನಮ್ಮಾ, ಯಾರಿಗೇನಾಯಿತು ಎಂದರು. ಹೇಳಲು ಶುರು ಮಾಡಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತಿರಲಿಲ್ಲ.

ನಿನ್ನ ಹೊಟ್ಟೆಯನ್ನು ನೋಡಿ ನಕ್ಕಿದ್ದಕ್ಕೆ ನನ್ನ ನಾಲಿಗೆ ಬಿದ್ದುಹೋಗಲಿ. ಔಷಧ ಶುರು ಮಾಡಿದರೇ? ರಕ್ತ ನಿಂತಿತೇ? ಇದಕ್ಕೆ ಮೊದಲು ಉತ್ತರ ಬರೆ. ಬೇರೆಯವರ ಔಷಧಕ್ಕೆ ಮೈ ಒಡ್ಡಿಕೊಂಡು ಕೂತವಳಿಗೆ ತನ್ನ ಮೈ ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನನ್ನನ್ನು ಯಾರೂ ಹೊಡೆದಿಲ್ಲ. ನನ್ನ ಮೈಮೇಲೆ ಯಾವ ಕಲೆಯೂ ಇರಲಿಲ್ಲ, ತೋಳು ಎಳೆದುಕೊಂಡದ್ದು ಅದಕ್ಕೇ. ಮೂಳೆ ನೋವೂ ನನಗಿರಲಿಲ್ಲ. ಆ ಟ್ಯೂಬು ಅಷ್ಟು ಚಿಕ್ಕದು ಯಾಕಿತ್ತೆಂದು ನೀನು ಕೇಳಲೇ ಇಲ್ಲ. ಅದಕ್ಕಿಂತ ಹೆಚ್ಚು ಅವಳ ಕೈಯಿಂದ ತೆಗೆಯಲು ನರ್ಸಮ್ಮನಿಗೆ ಮನಸ್ಸು ಬರಲಿಲ್ಲ. ಅದು ಪುಟ್ಟಿಯ ರಕ್ತ.

ಇದನ್ನು ಬರೆದು ಎದ್ದುಹೋಗಿ ಮುಖ ತೊಳೆದು ಬಂದೆ.

ಅವಳು ಆಗ ಒಂದನೇ ಕ್ಲಾಸು. ಮೊದಲು ಕಾಲ ಮೇಲೆ, ಆಮೇಲೆ ಬೆನ್ನ ಮೇಲೆ ನೀಲಿ ಕಲೆ ಬಂತು. ಆಟವಾಡಿ ಬಿದ್ದಿರಬೇಕು ಎಂದುಕೊಂಡೆ. ಶಾಲೆಯ ಹೆಡ್ ಮೇಡಂ ನಮ್ಮಿಬ್ಬರನ್ನೂ ಕರೆಸಿ, ಮಗುವನ್ನು ಹೊರಗೆ ಕೂರಿಸಿ, ಮನೆಯಲ್ಲಿ ಯಾರು ಹೊಡೀತೀರಿ ಎಂದು ನೇರವಾಗಿ ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ರಕ್ತ ಪರೀಕ್ಷೆ ಮಾಡಿಸುತ್ತೇನೆ, ಏನಾದರೂ ಕಾಯಿಲೆ ಇರಬಹುದು ಎಂದು ಗಡುವು ಕೇಳಿದೆ. ನಿನಗೆ ನಿಜ ಹೇಳಲಿಲ್ಲ, ಯಾಕೆಂದರೆ ನೀನೂ ಆ ಹೆಡ್ ಮೇಡಂ ನೋಡಿದ ಹಾಗೆ ನನ್ನನ್ನು ನೋಡಿಬಿಟ್ಟರೆ ಎಂಬ ಭಯ. ಹೆತ್ತವಳ ಮೇಲೆ ಅಂಥ ಕಣ್ಣು ಬಿದ್ದರೆ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ.

ಅವತ್ತು ನೀನು ಫೋನಿನಲ್ಲಿ ಪಾಸು ಪಾಸು ಎಂದು ಕೂಗುತ್ತಿದ್ದೆ. ನಾನು ಇಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದೆ. ರಕ್ತದಲ್ಲಿ ಏನೂ ಇಲ್ಲ ಎಂದ ಮೇಲೆ ಉಳಿದದ್ದು ಕೈ ಮಾತ್ರ. ನನ್ನ ಕೈ ಅಲ್ಲವೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಇದ್ದದ್ದು ಇನ್ನೊಂದೇ ಜೊತೆ ಕೈ.

ಆದರೂ ನಾನು ಬಾಯಿಬಿಟ್ಟು ದೂರಲಿಲ್ಲ. ಎರಡನೇ ಸಲ ಹೆಡ್ ಮೇಡಂ ಕರೆಸಿ, ಕಾಯಿಲೆ ಇಲ್ಲ ಎಂದಾದರೆ ನಾನು ಮೇಲಿನವರಿಗೆ ತಿಳಿಸಲೇಬೇಕು, ಹೊಡೆಯುವುದು ತಾಯಿಯಾದರೆ ತಂದೆ ಊರೂರು ತಿರುಗುವ ಡ್ರೈವರು, ಮಗುವನ್ನು ಆಶ್ರಮಕ್ಕೆ ಸೇರಿಸಬೇಕಾಗುತ್ತದೆ ಎಂದರು. ಆಗ ನಿಮ್ಮ ಭಾವ ಎದ್ದು ನಿಂತು ‘ಹೊಡೆದದ್ದು ನಾನು. ಇನ್ನು ಈ ಮನೇಲಿ ಇರೋದಿಲ್ಲ’ ಎಂದರು. ತಲೆ ತಗ್ಗಿಸಿಕೊಂಡು, ಮಗುವಿನ ಮುಖವನ್ನೂ ನೋಡದೆ ಹೊರಟುಹೋದರು. ಅವರೇ ಒಪ್ಪಿಕೊಂಡ ಮೇಲೆ ನನಗೆ ಇನ್ನೇನು ಬೇಕಿತ್ತು ಹೇಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಕಂಡಿರಲೂ ಇಲ್ಲ.

ಇನ್ನೊಂದು ವಿಷಯ ನಿನ್ನಿಂದ ಬಚ್ಚಿಟ್ಟಿದ್ದೆ. ಅವರು ಹೋದ ಮೇಲೂ ಕಲೆ ನಿಲ್ಲಲಿಲ್ಲ. ಸ್ವಲ್ಪ ದಿನ ಕಡಿಮೆಯಾದ ಹಾಗೆ ಕಂಡಿತು, ಆಮೇಲೆ ಮತ್ತೆ ಶುರು. ಇಲ್ಲಿನ ಶಾಲೆಯ ಮಕ್ಕಳ ಮೇಲೆ ಅನುಮಾನಪಟ್ಟೆ, ಜಗಳಕ್ಕೆ ಹೋದೆ. ಮಧ್ಯಾಹ್ನ ನೋಡಿಕೊಳ್ಳುವ ಪಕ್ಕದ ಮನೆಯ ಅಜ್ಜಿಯನ್ನು ಬಿಡಿಸಿದೆ, ಆಕೆ ಅಳುತ್ತಾ ಹೋದಳು. ಕೊನೆಗೆ ನಾನೇ ನಿದ್ದೆಯಲ್ಲಿ ಏನಾದರೂ ಮಾಡುತ್ತಿದ್ದೇನೆಯೇ ಎಂದು ನನ್ನ ಮೇಲೇ ಅನುಮಾನ ಬಂತು, ಅವಳಿಗೆ ಬೇರೆ ಚಾಪೆ ಹಾಸಿದೆ. ಅವರನ್ನು ಮಾತ್ರ ಕರೆಯಲಿಲ್ಲ. ಹಳೆಯ ಕಲೆ ಅವರದು, ಹೊಸದು ಇನ್ಯಾರದೋ ಎಂದು ನಂಬಿದ್ದೆ. ಮನಸ್ಸು ಒಂದು ಸಲ ಹೊಲಿದದ್ದನ್ನು ತಾನಾಗಿ ಬಿಚ್ಚುವುದಿಲ್ಲ.

ಈ ಸಲ ಶಾಲೆ ತೆರೆಯುವ ಮುಂಚೆ ಅವಳ ಯೂನಿಫಾರ್ಮಿಗೆ ಅಳತೆ ತೆಗೆದೆ. ಭುಜ ಹೋದ ವರ್ಷದ್ದೇ, ಉದ್ದವೂ ಹೋದ ವರ್ಷದ್ದೇ. ಸೊಂಟಕ್ಕೆ ಟೇಪು ಸುತ್ತಿದರೆ ಸಾಲದು. ಊರಿನ ಮಕ್ಕಳಿಗೆಲ್ಲ ಅಳತೆ ತೆಗೆಯುವವಳು ನಾನು, ಮಕ್ಕಳು ಹೀಗೆ ಬೆಳೆಯುವುದಿಲ್ಲ ಎಂದು ನನಗೆ ಗೊತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗುಲ್ಮ ಊದಿದೆ, ತೆಗೆದುಬಿಡೋಣ ಎಂದರು ಡಾಕ್ಟರು. ಈ ಜಾತಿಯ ಕಾಯಿಲೆ ಇರಬಹುದೇ ಎಂದು ಅವರಾಗಿಯೇ ಕೇಳಿದ್ದರು ಕೂಡ. ‘ಇಲ್ಲ ಸರ್, ನನ್ನ ತಂಗಿಯ ದೊಡ್ಡ ಲ್ಯಾಬಲ್ಲೇ ನೋಡಿದಾರೆ, ಅದೇನೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿದವಳು ನಾನು. ಗುರುವಾರ ಬೆಳಿಗ್ಗೆ ಕೊಯ್ಯುವುದೆಂದು ನಿಗದಿಯಾಗಿತ್ತು. ನಾಡಿದ್ದು. ನಿನ್ನ ಪತ್ರ ಹಿಡಿದುಕೊಂಡು ನೇರ ಅವರ ಕೋಣೆಗೆ ನುಗ್ಗಿದೆ. ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೊಯ್ಯುವುದು ರದ್ದು, ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ಎಂದರು.

ಮಕ್ಕಳಿಗೂ ಆ ಡ್ರಿಪ್ಪು ಕೊಡುತ್ತಾರಂತೆ. ಹೊಟ್ಟೆ ಇಳಿಯುತ್ತದೆ, ಬೆಳವಣಿಗೆಯೂ ಬರುತ್ತದೆ ಎಂದರು. ನಿನ್ನ ಮೇಲೆ ನನಗೆ ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅರ್ಧ ಪತ್ರ ಓದುವಷ್ಟರಲ್ಲಿ ನಿನ್ನನ್ನು ಹಿಡಿದು ಜಾಡಿಸಬೇಕೆನಿಸಿತು. ಆಮೇಲೆ ಯೋಚಿಸಿದೆ, ನೀನು ನನ್ನ ರಕ್ತವೆಂದು ನಂಬಿ ನೋಡಿದೆ, ನಾನು ನಿನ್ನ ರಕ್ತ ಗಟ್ಟಿಯೆಂದು ನಂಬಿ ಕೊಟ್ಟೆ. ಯಾರನ್ನು ಅಂತ ಬೈಯಲಿ.

ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಮೂರು ಸಲ ಓದಿದೆ. ಹಾಗಾದರೆ ಪುಟ್ಟಿಗೆ ನನ್ನಿಂದ ಅರ್ಧ, ಅವರಿಂದ ಅರ್ಧ. ಹೊಡೆದದ್ದು ನಾವಿಬ್ಬರೂ ಅಲ್ಲ, ಕೊಟ್ಟದ್ದು ನಾವಿಬ್ಬರೂ.

ಅವರಿಗೆ ಫೋನ್ ಮಾಡಿದೆ. ಒಂದು ವರ್ಷದ ಮೇಲೆ ಮೊದಲ ಸಲ. ಎಲ್ಲೋ ಸರಕು ಇಳಿಸುತ್ತಿದ್ದರು, ಅರ್ಧಕ್ಕೇ ಬಿಟ್ಟು ಬಂದರು. ಈ ಪತ್ರ ತರುತ್ತಿರುವವರು ಅವರೇ. ಪುಟ್ಟಿಯೂ ಜೊತೆಗಿದ್ದಾಳೆ, ಲಾರಿಯ ಕಿಟಕಿ ತನ್ನದೇ ಎಂದು ಈಗಲೇ ಹಟ ಹಿಡಿದಿದ್ದಾಳೆ. ನನ್ನನ್ನೂ ಕರೆದರು. ಅಷ್ಟು ದೂರ ಅವರ ಪಕ್ಕ ಕೂತು ಬರಲು ನನಗೆ ಮುಖವಿಲ್ಲ. ಅಂಗಡಿಯ ಕೆಲಸ ಒಪ್ಪಿಸಿ ನಾಳೆಯ ರೈಲಿಗೆ ಬರುತ್ತೇನೆ.

ನಿನ್ನ ಅಕ್ಕ

ತಾ.ಕ.: ಹೊಡೆಯದ ಮೇಲೆ ಹೊಡೆದೆ ಅಂತ ಯಾಕೆ ಒಪ್ಪಿಕೊಂಡಿರಿ ಎಂದು ಅವರನ್ನು ಕೇಳಿದೆ. ಪುಟ್ಟಿ ಚಪ್ಪಲಿ ಹುಡುಕಲು ಒಳಗೆ ಹೋದಾಗ ಹೇಳಿದರು. ‘ನೀನು ಹೊಡೀತಿದ್ದೀಯ ಅಂದ್ಕೊಂಡಿದ್ದೆ. ನಾನಲ್ಲ ಅಂತ ನಂಗೆ ಗೊತ್ತಿತ್ತಲ್ಲ, ಇನ್ಯಾರು ಉಳಿದ್ರು? ಒಬ್ಬಳೇ ದುಡಿದು ಸುಸ್ತಾಗಿ ಕೈ ಎತ್ತಿರ್ತೀಯ, ನಾನು ಹೀಗೆ ಮಾಡಿದ್ರೆ ಹೆದರಿ ನಿಲ್ಲಿಸ್ತೀಯ ಅಂದ್ಕೊಂಡೆ. ಮಗೂನ ನಿನ್ನಿಂದ ಕಿತ್ಕೊಂಡು ಹೋದ್ರೆ ನೀನು ಉಳೀತಿರ್ಲಿಲ್ಲ.’ ಹೋಗಿ ನೋಡಿಕೊಂಡು ಬಾ ಎಂದು ತಿಂಗಳು ತಿಂಗಳು ನಿನಗೆ ಬರೆಯುತ್ತಿದ್ದದ್ದು ಅದಕ್ಕೇ. ಈ ಸಲ ಬಾಗಿಲು ಹಾಕಬೇಡ. ಪುಟ್ಟಿಗೆ ನಾನೇ ಹೇಳಿದೆ, ನಿನ್ನನ್ನು ಯಾರೂ ಹೊಡೆದಿರಲಿಲ್ಲವಂತೆ, ಅದು ಕಾಯಿಲೆಯಂತೆ ಎಂದು. ಅವಳು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ, ‘ನಾನು ಅವತ್ತೇ ಹೇಳಿದ್ನಲ್ಲಮ್ಮಾ, ಯಾರೂ ಹೊಡೆದಿಲ್ಲ ಅಂತ’ ಅಂದಳು.